ಲ್ಯಾಬುಗಳ ‘ಪಿಸಿಓಡಿ ಪ್ಯಾಕೇಜ್’: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಪಿಸಿಓಡಿ ಎಂದರೆ ಮುಟ್ಟಿನ ಕ್ರಮ ತಪ್ಪಿಸುವ, ಪುರುಷ ಹಾರ್ಮೋನ್ ಹೆಚ್ಚಿಸುವ ಅಂಡಾಶಯದ ತೊಂದರೆ. ಅದನ್ನು ಹುಡುಕಲೆಂದು ಎರಡು ಮೂರು ಸಾವಿರ ರೂಪಾಯಿಗೆ ‘ಪಿಸಿಓಡಿ ಪ್ರೊಫೈಲ್’, ‘ವಿಮೆನ್ ಹಾರ್ಮೋನ್ ಪ್ಯಾಕೇಜ್’ ಎಂದು ಲ್ಯಾಬುಗಳು ಮಾರುವ ಸೇವೆಯ ಬಗ್ಗೆ ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಳಗಿರುವ ಪರೀಕ್ಷೆಗಳಲ್ಲಿ ಮೂರು ನಾಲ್ಕು ನಿಜಕ್ಕೂ ಉಪಯೋಗದವು, ಅರ್ಧದಷ್ಟು ದಂಡ, ಇರಲೇಬೇಕಾದ ಒಂದೆರಡು ಪಟ್ಟಿಯಲ್ಲೇ ಇರುವುದಿಲ್ಲ. ಇದಕ್ಕಿಂತ ದೊಡ್ಡ ತಕರಾರು ಬೇರೆಯದು. ಮುಟ್ಟಿನ ಎಷ್ಟನೇ ದಿನ ರಕ್ತ ಕೊಡುತ್ತಿದ್ದೀರಿ, ಏನೇನು ಮಾತ್ರೆ ನುಂಗುತ್ತಿದ್ದೀರಿ ಎಂದು ಬುಕಿಂಗ್ ಹೊತ್ತಿನಲ್ಲಿ ಕೇಳುವವರು ಅಪರೂಪ. ಹಾರ್ಮೋನ್ ಪರೀಕ್ಷೆಯಲ್ಲಿ ಆ ಎರಡು ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಮೆಷಿನ್ ಎಷ್ಟೇ ಒಳ್ಳೆಯದಿದ್ದರೂ ಬಂದ ಅಂಕಿಗೆ ಅರ್ಥವಿರುವುದಿಲ್ಲ.

ಪಟ್ಟಿ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಅಂಡಾಶಯವನ್ನು ನಡೆಸುವ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್, ಥೈರಾಯ್ಡ್‌ನ ಟಿಎಸ್‌ಎಚ್, ಪುರುಷ ಹಾರ್ಮೋನಾದ ಟೆಸ್ಟೊಸ್ಟಿರಾನ್, ಅಂಡಾಣು ಎಷ್ಟು ಉಳಿದಿವೆ ಎಂಬುದರ ಅಂದಾಜು ಕೊಡುವ ಎಎಂಎಚ್, ಖಾಲಿಹೊಟ್ಟೆಯ ಇನ್ಸುಲಿನ್, ಜೊತೆಗೆ ವಿಟಮಿನ್ ಡಿ, ಬಿ12. ‘60 ಟೆಸ್ಟ್‌ಗಳು’ ಎಂಬ ಬೋರ್ಡಿಗೆ ಮರುಳಾಗಬೇಡಿ. ರಕ್ತಕಣಗಳ ಒಂದೇ ಪರೀಕ್ಷೆಯಲ್ಲಿ ಬರುವ ಇಪ್ಪತ್ತು ಅಂಕಿಗಳನ್ನು ಇಪ್ಪತ್ತು ಟೆಸ್ಟ್ ಎಂದು ಎಣಿಸಿದರೆ ಅರವತ್ತು ಮುಟ್ಟುವುದು ಕಷ್ಟವಲ್ಲ.

ಮುಟ್ಟು ತಡವಾದಾಗ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಗರ್ಭ ನಿಂತಿದೆಯೇ ಎಂಬುದು. ಸಂಪರ್ಕದ ಸಾಧ್ಯತೆ ಇರುವ ಯಾರಿಗಾದರೂ ಇದೇ ಮೊದಲ ಪರೀಕ್ಷೆ, ಆದರೆ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಇದೇ ಇರುವುದಿಲ್ಲ. ಮೆಡಿಕಲ್ ಶಾಪಿನ ಸ್ಟ್ರಿಪ್ ಸಾಕು. ಆಶಾ ಕಾರ್ಯಕರ್ತೆಯರ ಮೂಲಕ ಬರುವ ‘ನಿಶ್ಚಯ್’ ಕಿಟ್‌ಗೆ ದುಡ್ಡೂ ಬೇಡ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ, ಇಲ್ಲ ಎಂದು ಬಂದು ಮುಟ್ಟೂ ಬರದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ಇದನ್ನು ಬಿಟ್ಟು ನೇರ ಪ್ಯಾಕೇಜಿಗೆ ಹೋದರೆ ಎಡವಟ್ಟಾಗುತ್ತದೆ: ಗರ್ಭದಲ್ಲಿ ಪ್ರೊಲ್ಯಾಕ್ಟಿನ್ ಏರುತ್ತದೆ, ಒಟ್ಟು ಟೆಸ್ಟೊಸ್ಟಿರಾನ್ ಕೂಡ ಏರುತ್ತದೆ, ಎಫ್‌ಎಸ್‌ಎಚ್ ತಳಕ್ಕಿಳಿಯುತ್ತದೆ. ಕೆಂಪಕ್ಷರದ ಮೂರು ಸಾಲು ನೋಡಿ ‘ಹಾರ್ಮೋನ್ ಏರುಪೇರು’ ಎಂದುಕೊಂಡು ಗೂಗಲ್ ಮಾಡುತ್ತ ಕೂರುವ ಹೊತ್ತಿಗೆ ಎರಡು ವಾರ ಕಳೆದಿರುತ್ತದೆ.

ಇನ್ನು ಪಿಸಿಓಎಸ್ ಅನ್ನು, ಅಂದರೆ ಎಲ್ಲರ ಬಾಯಲ್ಲಿರುವ ಪಿಸಿಓಡಿಯನ್ನು, ಗುರುತಿಸುವುದು ಹೇಗೆಂದು ನೋಡಿದರೆ ಈ ಪಟ್ಟಿಯ ಅರ್ಧ ತಾನಾಗಿ ಉದುರುತ್ತದೆ. 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಮೂರರಲ್ಲಿ ಎರಡು ಇರಬೇಕು: ಮುಟ್ಟಿನ ಕ್ರಮ ತಪ್ಪಿರುವುದು; ಗಲ್ಲ, ಮೇಲ್ದುಟಿ, ಹೊಟ್ಟೆಯ ಮೇಲೆ ದಪ್ಪ ಕೂದಲು ಅಥವಾ ರಕ್ತದಲ್ಲಿ ಪುರುಷ ಹಾರ್ಮೋನ್ ಹೆಚ್ಚಿರುವುದು; ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆಗಳು. ಅದಕ್ಕೂ ಮುನ್ನ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆ ಇಲ್ಲವೆಂದು ಖಚಿತವಾಗಬೇಕು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ ನೋಡಬಹುದು ಎಂದಿತು. ಆದರೆ ಮೊದಲ ಎರಡು ಲಕ್ಷಣಗಳೂ ಸ್ಪಷ್ಟವಾಗಿದ್ದರೆ ಸ್ಕ್ಯಾನಿಂಗೂ ಬೇಡ, ಎಎಂಎಚ್ಚೂ ಬೇಡ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಈ ಎರಡನೆಯ ಮಾತು ಯಾವ ಬ್ಯಾನರಿನಲ್ಲೂ ಕಾಣುವುದಿಲ್ಲ. ‘ಎಲ್‌ಎಚ್ ಎಫ್‌ಎಸ್‌ಎಚ್‌ನ ಎರಡರಷ್ಟಿದೆ, ಹಾಗಾಗಿ ಪಿಸಿಓಡಿ’ ಎಂಬ ಲೆಕ್ಕ ಇನ್ನೂ ಚಾಲ್ತಿಯಲ್ಲಿದೆ. ಅದು ಮಾನದಂಡದ ಭಾಗವೇ ಅಲ್ಲ.

ಪಟ್ಟಿಯಲ್ಲಿ ದುಡ್ಡಿಗೆ ಮೋಸವಿಲ್ಲದ ಪರೀಕ್ಷೆಗಳೆಂದರೆ ಟಿಎಸ್‌ಎಚ್ ಮತ್ತು ಪ್ರೊಲ್ಯಾಕ್ಟಿನ್. ಹಾಗೆಯೇ ಅತಿ ಹೆಚ್ಚು ದಾರಿ ತಪ್ಪಿಸುವುದೂ ಪ್ರೊಲ್ಯಾಕ್ಟಿನ್ನೇ. ಗರ್ಭಿಣಿಯಲ್ಲದವರಲ್ಲಿ ಇದು ಸುಮಾರು 25 ನ್ಯಾನೊಗ್ರಾಂ ಒಳಗಿರಬೇಕು, ಮಿಲಿಲೀಟರಿಗೆ. ಸೂಜಿಯ ಭಯ, ರಾತ್ರಿ ನಿದ್ದೆಗೆಟ್ಟಿರುವುದು, ಎದ್ದ ಕೂಡಲೇ ರಕ್ತ ಕೊಡುವುದು, ಇಷ್ಟಕ್ಕೇ ಸ್ವಲ್ಪ ಏರುತ್ತದೆ. ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ, ಹತ್ತು ಹದಿನೈದು ನಿಮಿಷ ಸುಮ್ಮನೆ ಕೂತು ಕೊಡುವುದು ಕ್ಷೇಮ. ‘ಆರೂವರೆಗೇ ಮನೆಗೆ ಬರುತ್ತೇವೆ’ ಎಂಬ ಸೌಲಭ್ಯ ಸಕ್ಕರೆ ಪರೀಕ್ಷೆಗೆ ಅನುಕೂಲ, ಇದಕ್ಕಲ್ಲ.

ಇದಕ್ಕಿಂತ ದೊಡ್ಡ ಕಾರಣ ಗ್ಯಾಸ್ ಮಾತ್ರೆ. ನಮ್ಮಲ್ಲಿ ಹೊಟ್ಟೆ ಉರಿಗೆಂದು ಖಾಲಿ ಹೊಟ್ಟೆಯಲ್ಲಿ ನುಂಗುವ ಕ್ಯಾಪ್ಸೂಲುಗಳಲ್ಲಿ ಹಲವು ಜೋಡಿ ಔಷಧಿಗಳು: ಪ್ಯಾಂಟೊಪ್ರಜೋಲ್ ಅಥವಾ ರೇಬಿಪ್ರಜೋಲ್ ಜೊತೆಗೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್. ಈ ಕೊನೆಯ ಎರಡು ಔಷಧಿಗಳು ಮಿದುಳಿನ ರಾಸಾಯನಿಕವಾದ ಡೋಪಮೈನ್‌ಗೆ ಅಡ್ಡಗಟ್ಟುತ್ತವೆ. ಪ್ರೊಲ್ಯಾಕ್ಟಿನ್ ಅನ್ನು ಹಿಡಿದಿಡುವುದೇ ಡೋಪಮೈನ್. ಆ ಹಿಡಿತ ಸಡಿಲವಾದರೆ ಅಂಕಿ ನೂರು ದಾಟಬಹುದು, ಮುಟ್ಟು ನಿಲ್ಲಬಹುದು, ಮಗುವಿಲ್ಲದೆಯೂ ಮೊಲೆಯಲ್ಲಿ ಹಾಲು ಒಸರಬಹುದು. ರಿಸ್ಪೆರಿಡೋನ್, ಅಮಿಸಲ್ಪ್ರೈಡ್‌ನಂಥ ಮನೋರೋಗದ ಔಷಧಿಗಳೂ ಹೀಗೇ ಮಾಡುತ್ತವೆ, ಅವನ್ನಂತೂ ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಗ್ಯಾಸ್ ಮಾತ್ರೆಯ ವಿಷಯಕ್ಕೆ ಬಂದರೆ, ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದಿ, ವೈದ್ಯರಿಗೆ ತೋರಿಸಿ, ಕೆಲವು ದಿನ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿದರೆ ಎಷ್ಟೋ ಜನರಿಗೆ ತಲೆಯ ಎಂಆರ್‌ಐ ಖರ್ಚು ಉಳಿಯುತ್ತದೆ. ಥೈರಾಯ್ಡ್ ಕಡಿಮೆಯಿದ್ದಾಗಲೂ ಪ್ರೊಲ್ಯಾಕ್ಟಿನ್ ಏರುವುದರಿಂದ ಈ ಎರಡು ಪರೀಕ್ಷೆಗಳನ್ನು ಒಟ್ಟಿಗೇ ಓದಬೇಕು.

ಅಂಕಿ ಕೆಡಿಸುವ ಎರಡನೆಯ ಮರೆಯ ಕಳ್ಳ ಬಯೋಟಿನ್ ಎಂಬ ವಿಟಮಿನ್. ಕೂದಲು ಉದುರುತ್ತದೆಂದು ಹುಡುಗಿಯರು ತೆಗೆದುಕೊಳ್ಳುವ ‘ಹೇರ್ ವಿಟಮಿನ್’ ಗುಳಿಗೆ, ಗಮ್ಮಿಗಳಲ್ಲಿ 5ರಿಂದ 10 ಮಿಲಿಗ್ರಾಂವರೆಗೂ ಇರುತ್ತದೆ. ದಿನಕ್ಕೆ ದೇಹಕ್ಕೆ ಬೇಕಾದದ್ದು ಅದರ ನೂರರಲ್ಲೊಂದು ಪಾಲೂ ಅಲ್ಲ. ಹಲವು ಲ್ಯಾಬ್ ಯಂತ್ರಗಳ ರಾಸಾಯನಿಕ ಜೋಡಣೆ ನಿಂತಿರುವುದೇ ಬಯೋಟಿನ್ ಮೇಲೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್, ಎಫ್‌ಎಸ್‌ಎಚ್, ಎಲ್‌ಎಚ್, ಪ್ರೊಲ್ಯಾಕ್ಟಿನ್ ಇರುವುದಕ್ಕಿಂತ ಕಡಿಮೆ ತೋರುತ್ತವೆ. ಥೈರಾಯ್ಡ್ ಹಾರ್ಮೋನಾದ ಟಿ4, ಟೆಸ್ಟೊಸ್ಟಿರಾನ್, ಸ್ತ್ರೀ ಹಾರ್ಮೋನಾದ ಈಸ್ಟ್ರಡಿಯಾಲ್ ಹೆಚ್ಚು ತೋರುತ್ತವೆ. ಎಂದರೆ ಕೂದಲುದುರುವಿಕೆಗೆ ಕಾರಣ ಹುಡುಕಲು ಬಂದವಳ ಕೈಗೆ, ಕೂದಲಿಗೆಂದು ತಿಂದ ಮಾತ್ರೆಯೇ ‘ಥೈರಾಯ್ಡ್ ಜಾಸ್ತಿ, ಪುರುಷ ಹಾರ್ಮೋನ್ ಜಾಸ್ತಿ’ ಎಂಬ ಸುಳ್ಳು ರಿಪೋರ್ಟ್ ಕೊಡಬಹುದು. ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ನಿಲ್ಲಿಸಲು ಮರೆತಿದ್ದರೆ ರಕ್ತ ತೆಗೆಯಲು ಬಂದವರನ್ನು ವಾಪಸ್ ಕಳಿಸಿ ಬೇರೆ ದಿನ ಕರೆಸಿ, ನಾಚಿಕೆಯೇನೂ ಇಲ್ಲ.

ದಿನದ ಲೆಕ್ಕ ಹೀಗೆ. ರಕ್ತಸ್ರಾವ ಸರಿಯಾಗಿ ಶುರುವಾದ ದಿನ ಒಂದನೆಯದು, ಹಿಂದಿನ ದಿನ ಕಂಡ ಕಲೆ ಲೆಕ್ಕಕ್ಕಿಲ್ಲ. ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಿಯಾಲ್ ಎರಡರಿಂದ ಐದನೇ ದಿನದೊಳಗೆ. ಅಂಡ ಬಿಡುಗಡೆಯಾಗಿದೆಯೇ ಎಂದು ನೋಡುವ ಪ್ರೊಜೆಸ್ಟಿರಾನ್ ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ. ‘21ನೇ ದಿನ’ ಎಂಬ ಬಾಯಿಪಾಠ 28 ದಿನಕ್ಕೊಮ್ಮೆ ಆಗುವವರಿಗೆ ಮಾತ್ರ. 35 ದಿನದವರಿಗೆ ಅದು 28ನೇ ದಿನ. ಇದನ್ನು ಉಳಿದವುಗಳ ಜೊತೆ ಒಂದೇ ದಿನ ತೆಗೆಯುವ ಪ್ಯಾಕೇಜು ಕಂಡರೆ ಬಿಟ್ಟುಬಿಡಿ, ಎರಡೂ ಸರಿಯಾಗುವ ದಿನ ಪಂಚಾಂಗದಲ್ಲೇ ಇಲ್ಲ. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಎಎಂಎಚ್ ಯಾವ ದಿನವಾದರೂ ಸರಿ.

ಮುಟ್ಟೇ ಬರದವರು ಎರಡನೇ ದಿನವನ್ನು ಎಲ್ಲಿಂದ ತರುವುದು? ಗರ್ಭವಿಲ್ಲವೆಂದು ಖಚಿತವಾದ ಮೇಲೆ ಯಾವ ದಿನವಾದರೂ ಕೊಡಬಹುದು, ರಿಪೋರ್ಟಿನಲ್ಲಿ ಹಾಗೆ ಬರೆಸಿ. ಮುಟ್ಟು ಬರಿಸುವ ಮಾತ್ರೆಯನ್ನು ಪರೀಕ್ಷೆಗಾಗಿಯೇ ಸ್ವಂತ ಬುದ್ಧಿಯಿಂದ ನುಂಗಬೇಡಿ. ಗೃಹಪ್ರವೇಶ, ತಿರುಪತಿ, ಮದುವೆ ಎಂದು ಮುಟ್ಟು ಮುಂದೂಡುವ ನಾರೆಥಿಸ್ಟಿರೋನ್ ಮಾತ್ರೆ ತೆಗೆದುಕೊಂಡಿದ್ದರೆ ಆ ತಿಂಗಳ ಅಂಕಿ ಬೇಡವೇ ಬೇಡ. ಗರ್ಭನಿರೋಧಕ ಮಾತ್ರೆಯಲ್ಲಿರುವವರ ಟೆಸ್ಟೊಸ್ಟಿರಾನ್ ತಗ್ಗಿಯೇ ಬರುತ್ತದೆ, ಅಳೆಯುವುದಾದರೆ ಮಾತ್ರೆ ಬಿಟ್ಟು ಮೂರು ತಿಂಗಳಾದರೂ ಆಗಿರಬೇಕು. ಆ ಮೂರು ತಿಂಗಳು ಬೇರೆ ಮುನ್ನೆಚ್ಚರಿಕೆ ಇರಲಿ.

ಟೆಸ್ಟೊಸ್ಟಿರಾನ್ ಬಗ್ಗೆ ಸ್ವಲ್ಪ ನಿಲ್ಲೋಣ, ಪ್ಯಾಕೇಜುಗಳು ಅತಿ ಹೆಚ್ಚು ಸೋಲುವುದು ಇಲ್ಲಿ. ಹೆಂಗಸರಲ್ಲಿ ಇದು ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ ಗಂಡಸರಿಗೆಂದು ಹೊಂದಿಸಿದ ಸಾಮಾನ್ಯ ಕಿಟ್‌ಗಳು ತಡವರಿಸುತ್ತವೆ. ಅದಕ್ಕಿಂತಲೂ ಕೆಟ್ಟದ್ದು ಹೆಚ್ಚು ದುಡ್ಡು ತೆಗೆದುಕೊಂಡು ಮಾಡುವ ‘ಫ್ರೀ ಟೆಸ್ಟೊಸ್ಟಿರಾನ್’ ನೇರ ಪರೀಕ್ಷೆ, ಅದನ್ನು ನಂಬಲಾಗದು. ಬದಲಿಗೆ ಒಟ್ಟು ಟೆಸ್ಟೊಸ್ಟಿರಾನ್ ಮತ್ತು ಎಸ್‌ಎಚ್‌ಬಿಜಿ, ಅಂದರೆ ಆ ಹಾರ್ಮೋನನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನ್, ಎರಡನ್ನೂ ಅಳೆಸಿ ಭಾಗಿಸಿಕೊಳ್ಳಬಹುದು. ಡೆಸಿಲೀಟರಿಗೆ ನ್ಯಾನೊಗ್ರಾಂನಲ್ಲಿರುವ ಟೆಸ್ಟೊಸ್ಟಿರಾನನ್ನು 28.8ರಿಂದ ಭಾಗಿಸಿ, 100ರಿಂದ ಗುಣಿಸಿ, ಎಸ್‌ಎಚ್‌ಬಿಜಿಯಿಂದ ಭಾಗಿಸಿದರೆ ಬರುವುದೇ ಸೂಚ್ಯಂಕ. ಇಬ್ಬರಿಗೂ ಟೆಸ್ಟೊಸ್ಟಿರಾನ್ 50 ಇದೆ ಎನ್ನಿ, ರಿಪೋರ್ಟಿನಲ್ಲಿ ಇಬ್ಬರೂ ‘ನಾರ್ಮಲ್’. ಒಬ್ಬಳ ಎಸ್‌ಎಚ್‌ಬಿಜಿ 70, ಸೂಚ್ಯಂಕ 2.5, ಇನ್ನೊಬ್ಬಳದು 25, ಸೂಚ್ಯಂಕ 6.9. ಐದರ ಮೇಲೆ ಹೋದರೆ ಸಾಮಾನ್ಯವಾಗಿ ಹೆಚ್ಚು ಎನ್ನುತ್ತಾರೆ. ಎರಡನೆಯವಳ ಗಲ್ಲದ ಕೂದಲಿಗೆ ಉತ್ತರ ಎಸ್‌ಎಚ್‌ಬಿಜಿಯಲ್ಲಿತ್ತು, ಅದು ಅಗ್ಗದ ಪಟ್ಟಿಗಳಲ್ಲಿ ಇರುವುದೇ ಇಲ್ಲ. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ, ದನಿ ಒಡೆದು, ಟೆಸ್ಟೊಸ್ಟಿರಾನ್ 150 ದಾಟಿದ್ದರೆ ಅದು ಪಿಸಿಓಡಿಯ ಮಾತಲ್ಲ, ಗಡ್ಡೆ ಇದೆಯೇ ಎಂದು ನೋಡಬೇಕಾಗುತ್ತದೆ. ತಡಮಾಡದೆ ತಜ್ಞರ ಬಳಿ ಹೋಗಿ.

ಎಎಂಎಚ್ ಪಟ್ಟಿಯ ದುಬಾರಿ ಬಾಬತ್ತು, ಹೆದರಿಕೆಯ ಮೂಲವೂ ಅದೇ. ‘ನಿಮ್ಮಲ್ಲಿ ಅಂಡಾಣು ಎಷ್ಟು ಉಳಿದಿವೆ ತಿಳಿಯಿರಿ’ ಎಂದು ಮದುವೆಯಾಗದ ಇಪ್ಪತ್ತೈದರ ಹುಡುಗಿಗೆ ಮಾರುವುದು ಸರಿಯಲ್ಲ. ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯ ಔಷಧಿಯ ಪ್ರಮಾಣ ಗೊತ್ತುಮಾಡಲು ಅದು ಉಪಯೋಗ. ಸಹಜವಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಖಾಲಿಹೊಟ್ಟೆ ಇನ್ಸುಲಿನ್ ಕೂಡ ಚಿಕಿತ್ಸೆಯನ್ನು ಬದಲಿಸದ ಅಂಕಿ. ಪಿಸಿಓಎಸ್ ಇದ್ದವರಿಗೆ ನಿಜಕ್ಕೂ ಬೇಕಾದದ್ದು 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ನೋಡುವ ಸಕ್ಕರೆ. ಮನೆಗೆ ಬರುವವರಿಗೆ ಎರಡು ಗಂಟೆ ಕಾಯುವ ವ್ಯವಧಾನವಿರುವುದಿಲ್ಲ, ಹಾಗಾಗಿ ಪ್ಯಾಕೇಜಿನಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಹಾಕುತ್ತಾರೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇಲ್ಲದ ಸಕ್ಕರೆಯನ್ನು ತೋರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ.

ಮನೆಗೆ ಬಂದು ರಕ್ತ ತೆಗೆಯುವ ಸೇವೆಯಲ್ಲಿ ಟ್ಯೂಬುಗಳ ಮುಚ್ಚಳ ನೋಡಿಕೊಳ್ಳಿ. ಹಾರ್ಮೋನಿಗೆ ಹಳದಿ ಅಥವಾ ಕೆಂಪು, ಎಚ್‌ಬಿಎ1ಸಿಗೆ ನೇರಳೆ, ಸಕ್ಕರೆಗೆ ಬೂದು. ಬೂದು ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ. ಅದಿಲ್ಲದೆ ಬೇರೆ ಟ್ಯೂಬಿನಲ್ಲಿ ಒಯ್ದರೆ ರಕ್ತಕಣಗಳೇ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆಯನ್ನು ತಿಂದುಹಾಕುತ್ತವೆ. ಟ್ಯೂಬಿನ ಮೇಲೆ ನಿಮ್ಮ ಹೆಸರನ್ನು ನಿಮ್ಮೆದುರೇ ಅಂಟಿಸಲಿ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಗುರುತು ಲ್ಯಾಬಿಗೆ ಇದ್ದರೆ ಸಾಲದು. ಮಾನ್ಯತೆ ಕೊಡುವುದು ಒಂದೊಂದು ಪರೀಕ್ಷೆಗೆ, ಆದ್ದರಿಂದ ನಿಮಗೆ ಬೇಕಾದದ್ದು ಅದರ ವ್ಯಾಪ್ತಿಯ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಎರಡನೇ ಸಲ ಮಾಡಿಸುವುದಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ, ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಕೌಂಟರಿನಲ್ಲಿ ಹೇಳಬೇಕಾದದ್ದು ಇಷ್ಟು. ಬಿಡಿಬಿಡಿಯಾಗಿ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಒಟ್ಟು ಟೆಸ್ಟೊಸ್ಟಿರಾನ್, ಎಸ್‌ಎಚ್‌ಬಿಜಿ, ಜೊತೆಗೆ ಗ್ಲೂಕೋಸ್ ಕುಡಿದು ನೋಡುವ ಸಕ್ಕರೆ. ವೈದ್ಯರು ಕೇಳಿದರೆ ಅಡ್ರಿನಲ್‌ಗೆ ಸಂಬಂಧಿಸಿದ 17-ಒಎಚ್‌ಪಿ, ಅದನ್ನು ಬೆಳಿಗ್ಗೆಯೇ, ಮುಟ್ಟಿನ ಮೊದಲ ದಿನಗಳಲ್ಲೇ ಕೊಡಬೇಕು. ಖಾಲಿ ಹೊಟ್ಟೆ ಬೇಕಿರುವುದು ಸಕ್ಕರೆಗೆ, ಟಿಎಸ್‌ಎಚ್‌ಗಲ್ಲ. ‘ಮದುವೆಯಾಗಿದೆಯಾ’ ಎಂಬ ಪ್ರಶ್ನೆಗೂ ಈ ಯಾವ ರಕ್ತ ಪರೀಕ್ಷೆಗೂ ಸಂಬಂಧವಿಲ್ಲ. ಸ್ಕ್ಯಾನಿಂಗ್ ಬೇಕಾದರೂ ಮೂತ್ರ ತುಂಬಿಸಿಕೊಂಡು ಹೊಟ್ಟೆಯ ಮೇಲಿಂದಲೇ ಮಾಡಿಸಬಹುದು.

ಹೈಸ್ಕೂಲ್ ಹುಡುಗಿಯರಿಗೆ ಈ ಪ್ಯಾಕೇಜನ್ನು ನಾವು ಶಿಫಾರಸು ಮಾಡುವುದಿಲ್ಲ. ಮೈನೆರೆದ ಮೊದಲ ವರ್ಷ ಮುಟ್ಟು ಹೇಗೆಂದರೆ ಹಾಗೆ ಬರುವುದು ಸಹಜ, ಮೂರು ವರ್ಷದವರೆಗೂ 45 ದಿನದ ಅಂತರ ನಡೆಯುತ್ತದೆ. ಆ ಬಳಿಕ 21 ದಿನಕ್ಕಿಂತ ಬೇಗ, 35ಕ್ಕಿಂತ ತಡ, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ವಿಚಾರಿಸಬೇಕು. ಮೈನೆರೆದು ಎಂಟು ವರ್ಷದೊಳಗೆ ಸ್ಕ್ಯಾನಿಂಗ್ ನೋಡಿ ಪಿಸಿಓಎಸ್ ಎಂದು ಹೇಳಕೂಡದು, ಆ ವಯಸ್ಸಿನ ಅಂಡಾಶಯ ಗುಳ್ಳೆ ತುಂಬಿಕೊಂಡೇ ಇರುತ್ತದೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುವ ಸ್ನೇಹಾ ಕ್ಲಿನಿಕ್‌ಗಳಲ್ಲಿ ಮೊದಲು ಮಾತಾಡಿಸುವುದು ಒಳ್ಳೆಯದು.

ಪ್ಯಾಕೇಜಿನ ಜೊತೆ ‘ಉಚಿತ’ವಾಗಿ ಬರುವ ಡಯಟ್ ಸಲಹೆಯ ಫೋನ್ ಕರೆಯಲ್ಲಿ ಪಿಸಿಓಡಿಗೆಂದು ಇನೊಸಿಟಾಲ್ ಎಂಬ ಪೂರಕದ ಪುಡಿ ಮಾರಲು ನೋಡಿದರೆ ಆಶ್ಚರ್ಯಪಡಬೇಡಿ, ಬೇಡವೆಂದು ಫೋನ್ ಇಡಿ. ಗರ್ಭವಿಲ್ಲದೆ, ಮಾತ್ರೆಯೂ ಇಲ್ಲದೆ 90 ದಿನ ಮುಟ್ಟಾಗದಿದ್ದರೆ, ಅಥವಾ ಗಂಟೆಗೊಂದು ಪ್ಯಾಡ್ ತೋಯುವಷ್ಟು ಹೋಗುತ್ತಿದ್ದರೆ ಯಾವ ರಿಪೋರ್ಟಿಗೂ ಕಾಯದೆ ಸ್ತ್ರೀರೋಗ ತಜ್ಞರನ್ನು ಕಾಣಿ. ರಕ್ತ ಕೊಟ್ಟಿದ್ದರೆ ರಿಪೋರ್ಟಿನ ಮೂಲೆಯಲ್ಲಿ ಅದು ಮುಟ್ಟಿನ ಎಷ್ಟನೇ ದಿನ, ಆಗ ಯಾವ ಮಾತ್ರೆ ನಡೆಯುತ್ತಿತ್ತು ಎಂದು ಪೆನ್ನಿನಲ್ಲಿ ಬರೆದುಕೊಂಡು ಹೋಗಿ.