ಸ್ವಿಫ್ಟ್‌ಗೆ ಮನೆಯಲ್ಲೇ ಹಾಕಿದ ಕೆವೈಬಿ ಶಾಕ್ ಅಬ್ಸಾರ್ಬರ್‌ಗಳು: 9,000 ಕಿ.ಮೀ. ಓಡಿಸಿದ ಮೇಲೆ

ನನ್ನದು 2014ರ ಪೆಟ್ರೋಲ್ ಸ್ವಿಫ್ಟ್. ವಾರಕ್ಕೆ ಆರು ದಿನ ನಾಗರಭಾವಿಯಿಂದ ಪೀಣ್ಯಕ್ಕೆ ಓಡಾಟ, ತಿಂಗಳಿಗೊಮ್ಮೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ತಿಪಟೂರಿಗೆ. 92,000 ಕಿ.ಮೀ. ದಾಟಿದ ಮೇಲೆ ಹಂಪ್ ಇಳಿದಾಗಲೆಲ್ಲ ಗಾಡಿಯ ಹಿಂಭಾಗ ಎರಡು ಮೂರು ಸಲ ತೂಗುತ್ತಿತ್ತು. ಗುಂಡಿಗೆ ಬಿದ್ದರೆ ಮುಂದೆ ಎಡಗಡೆ ಟಕ್ ಅಂತ ಶಬ್ದ. ಗುಬ್ಬಿ ದಾಟುವಷ್ಟರಲ್ಲಿ ಹಿಂದೆ ಕೂತ ಅಮ್ಮನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಬಗ್ಗಿ ನೋಡಿದರೆ ಎಡಗಡೆ ಶಾಕ್ (ಗಾಡಿಯ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿತ್ತು.

ಗಿಡ್ಡ ಸ್ಪ್ರಿಂಗ್ ಹಾಕಿಸಿ ಗಾಡಿ ತಗ್ಗಿಸು ಅಂದವರೂ ಇದ್ದರು. ಬೇಡವೇ ಬೇಡ ಅಂದೆ. ಸ್ವಿಫ್ಟ್‌ಗೆ ಇರುವುದೇ 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಜಾಗ), ಐದು ಜನ ಕೂತು ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ಇಟ್ಟರೆ ಅದೂ ಉಳಿಯುವುದಿಲ್ಲ. ದಿನಾ ಓಡಿಸುವ ಗಾಡಿಗೆ ಬೇಕಿರುವುದು ತಗ್ಗಲ್ಲ, ಹಿಡಿತ. ಅದಕ್ಕೇ ಕಂಪನಿ ಸ್ಪ್ರಿಂಗ್ ಹಾಗೇ ಉಳಿಸಿಕೊಂಡು ನಾಲ್ಕೂ ಶಾಕ್ ಮಾತ್ರ ಕೆವೈಬಿ ಎಕ್ಸೆಲ್-ಜಿಗೆ ಬದಲಿಸಿದೆ. ಕೆವೈಬಿ ಜಪಾನಿನ ಕಂಪನಿ, ಎಕ್ಸೆಲ್-ಜಿ ಅದರ ಗ್ಯಾಸ್ ಶಾಕ್. ಶಾಕ್ ಒಳಗೆ ಎಣ್ಣೆಯ ಜೊತೆ ನೈಟ್ರೋಜನ್ ತುಂಬಿರುತ್ತದೆ. ಕೆಟ್ಟ ರಸ್ತೆಯಲ್ಲಿ ಒಂದೇ ಸಮನೆ ಕುಲುಕಿದಾಗ ಎಣ್ಣೆ ನೊರೆಯಾಗಿಬಿಟ್ಟರೆ ಶಾಕ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಆ ನೊರೆ ಏಳದಂತೆ ಗ್ಯಾಸಿನ ಒತ್ತಡ ತಡೆಯುತ್ತದೆ. ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಸುತ್ತಿ, ಸೀಲ್ ಒಡೆಯದ ಪೆಟ್ಟಿಗೆ ನೋಡಿ, ಬಿಲ್ ಹಾಕಿಸಿ ತಂದೆ. ಬಿಲ್ ಇಲ್ಲದೆ ತರಬೇಡಿ.

ಹಿಂದಿನ ಎರಡು ಸುಲಭ. ಸ್ವಿಫ್ಟ್‌ನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಎರಡೂ ಚಕ್ರ ಜೋಡಿಸುವ ಬೀಮ್ ಕೆಳಗೆ ಜ್ಯಾಕ್ ಕೊಟ್ಟು ಬಿಚ್ಚಬೇಕು, ಇಲ್ಲದಿದ್ದರೆ ಬೀಮ್ ಜೋತುಬಿದ್ದು ಬ್ರೇಕ್ ಪೈಪ್ ಎಳೆಯುತ್ತದೆ. ನಾನು ಮತ್ತು ತಮ್ಮ ಒಂದೂವರೆ ಗಂಟೆಯಲ್ಲಿ ಮುಗಿಸಿದೆವು.

ಮುಂದಿನದು ಹಾಗಲ್ಲ. ಅಲ್ಲಿ ಶಾಕ್ ಸ್ಟ್ರಟ್ ಅನ್ನುವ ಕಂಬದೊಳಗೇ ಇದ್ದು, ಸ್ಪ್ರಿಂಗ್ ಅದರ ಮೇಲೇ ಕೂತಿರುತ್ತದೆ, ಅಮುಕಿದ ಸ್ಪ್ರಿಂಗ್‌ನಲ್ಲಿ ಮುಖ ಒಡೆಯುವಷ್ಟು ಬಲ ಇರುತ್ತದೆ. ಸ್ಪ್ರಿಂಗ್ ಅಮುಕಿ ಹಿಡಿಯುವ ಕಂಪ್ರೆಸರ್ ಎರಡೂ ಕಡೆ ಎದುರುಬದುರು ಹಾಕಿ, ಎರಡನ್ನೂ ಸಮವಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಸ್ಪ್ರಿಂಗ್ ಮೇಲಿನ ತಟ್ಟೆಯಿಂದ ಸಡಿಲವಾಗಿ ಕೈಗೆ ಅಲ್ಲಾಡಿದ ಮೇಲಷ್ಟೇ ನಡುವಿನ ನಟ್ ಬಿಚ್ಚಿ. ಇದರಲ್ಲಿ ಅವಸರ ಬೇಡ. ಒಳ್ಳೆಯ ಕಂಪ್ರೆಸರ್ ಸಿಗದಿದ್ದರೆ ಈ ಕೆಲಸವೊಂದನ್ನು ಗ್ಯಾರೇಜಿನವರ ಹತ್ತಿರ ಮಾಡಿಸಿ, ಸ್ಟ್ರಟ್ ಬಿಚ್ಚಿ ತೆಗೆದುಕೊಂಡು ಹೋದರೆ ಆಯಿತು. ಸ್ಟ್ರಟ್ ತೆಗೆದಾಗ ಚಕ್ರದ ಹಬ್ಬನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಿ. ಹೊಸ ಶಾಕ್‌ನ ನುಣುಪು ರಾಡನ್ನು ಇಕ್ಕಳದಿಂದ ಹಿಡಿಯಲೇಬೇಡಿ, ಒಂದು ಗೀರು ಬಿದ್ದರೂ ಸೀಲ್ ಹೋಯಿತು ಅಂತಲೇ ಲೆಕ್ಕ.

ನನ್ನ ಕೆಲಸ ನಿಂತಿದ್ದು ಚಿಕ್ಕ ಸಾಮಾನಿನಿಂದ. ಸ್ಟ್ರಟ್‌ನ ಮೇಲ್ತುದಿ ಗಾಡಿಗೆ ಕೂರುವ ಹಳೆಯ ಮೌಂಟಿಂಗ್ ರಬ್ಬರ್ ಬಿರುಕುಬಿಟ್ಟಿತ್ತು, ಟಕ್ ಶಬ್ದದ ಮೂಲವೇ ಅದು. ಆನ್‌ಲೈನ್‌ನಲ್ಲಿ ಒಂದು ಕಡೆಯಿಂದ ತರಿಸಿದ್ದು ಬೇರೆ ಮಾಡೆಲ್‌ನದ್ದು ಬಂತು, ಗಾಡಿ ಎರಡು ದಿನ ಸ್ಟ್ಯಾಂಡ್ ಮೇಲೇ ನಿಂತಿತು, ನಾನು ಬಸ್ಸಿನಲ್ಲಿ ಪೀಣ್ಯಕ್ಕೆ ಹೋದೆ. ಹಾಗಾಗಿ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ರಬ್ಬರ್), ಧೂಳಿನ ಕವರ್, ಲಿಂಕ್ ರಾಡ್ ಎಲ್ಲ ಕೈಯಲ್ಲಿ ಹಿಡಿದು ನೋಡಿದ ಮೇಲೇ ಮೊದಲ ನಟ್‌ಗೆ ಸ್ಪ್ಯಾನರ್ ಹಾಕಿ. ಹೊಸ ಶಾಕ್‌ಗೆ ಹಳೆ ರಬ್ಬರ್ ಹಾಕಿದರೆ ಸುಮ್ನೆ ದುಡ್ಡು ದಂಡ.

ಎಲ್ಲ ಹಾಕಿದ ಮೇಲೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು. ಹಬ್ಬಿನ ಎರಡು ಬೋಲ್ಟ್ ಬಿಚ್ಚಿ ಹಾಕಿದರೆ ಚಕ್ರದ ಕೋನ ಬದಲಾಗಿಯೇ ಬದಲಾಗುತ್ತದೆ. ಅವತ್ತೇ ಅಲೈನ್‌ಮೆಂಟ್ ಮಾಡಿಸಿ ಕೋನ ಸರಿಪಡಿಸಿಕೊಂಡೆ, ಸರಿಹೋಯಿತು.

ಈಗ ಗಾಡಿ ಹೇಗಿದೆ ಅಂದರೆ, ಹಂಪ್ ಇಳಿದ ಮೇಲೆ ಒಂದೇ ಸಲ ಕೂತು ನಿಲ್ಲುತ್ತದೆ. ನೆಲಮಂಗಲ ಮೇಲ್ಸೇತುವೆಯ ಜಾಯಿಂಟ್‌ಗಳ ಮೇಲೆ ಮೊದಲಿನ ತೂಗಾಟ ಇಲ್ಲ, ಲಾರಿ ಪಕ್ಕದಲ್ಲಿ ಹಾದುಹೋದಾಗ ಸ್ಟೀರಿಂಗ್ ಗಟ್ಟಿಯಾಗಿ ಕೈಯಲ್ಲಿರುತ್ತದೆ. ಬ್ರೇಕ್ ಹಾಕಿದಾಗ ಮೂತಿ ಮುಂಚಿನಷ್ಟು ಬಾಗುವುದಿಲ್ಲ. ಬಡಾವಣೆಯೊಳಗೆ ನಿಧಾನಕ್ಕೆ ಹೋಗುವಾಗ ಸಣ್ಣ ಉಬ್ಬುತಗ್ಗು ಹಳೆಯದಕ್ಕಿಂತ ಸ್ವಲ್ಪ ಜಾಸ್ತಿ ಗೊತ್ತಾಗುತ್ತದೆ. ಗ್ಯಾಸ್ ಶಾಕ್ ಅಂದಮೇಲೆ ಇಷ್ಟು ಬಿಗಿ ಇರುತ್ತದೆ, ನನಗೆ ಒಪ್ಪಿಗೆ. ಮೆತ್ತಗೇ ಬೇಕು ಅನ್ನುವವರು ಮೊದಲು ಇಂಥ ಗಾಡಿಯಲ್ಲಿ ಒಂದು ಸುತ್ತು ಕೂತು ನೋಡಿ, ಆಮೇಲೆ ಕೊಳ್ಳಿ. ಟಯರ್ ಗಾಳಿಯನ್ನೂ ಬಾಗಿಲ ಹತ್ತಿರದ ಚೀಟಿಯಲ್ಲಿ ಇರುವಷ್ಟೇ ಇಡಿ. ಗಾಳಿ ಜಾಸ್ತಿಯಾಗಿದ್ದರೆ ಬೈಗುಳ ಶಾಕ್‌ಗೆ ಬೀಳುತ್ತದೆ, ಅಲ್ವಾ?

ಅಮ್ಮ ಹೋದ ತಿಂಗಳು ತಿಪಟೂರಿನವರೆಗೂ ಎಲ್ಲೂ ಗಾಡಿ ನಿಲ್ಲಿಸು ಅನ್ನಲಿಲ್ಲ. 500 ಕಿ.ಮೀ. ಆದಾಗ ಎಲ್ಲ ಬೋಲ್ಟ್‌ಗಳನ್ನೂ ಮತ್ತೆ ಒಂದು ಸಲ ಟಾರ್ಕ್ ವ್ರೆಂಚ್‌ನಲ್ಲಿ (ಬಿಗಿ ಎಷ್ಟು ಅಂತ ತೋರಿಸುವ ಸ್ಪ್ಯಾನರ್) ನೋಡಿದ್ದೆ, ಯಾವುದೂ ಸಡಿಲವಾಗಿರಲಿಲ್ಲ. 9,000 ಕಿ.ಮೀ. ಆದಮೇಲೆ ಮೊನ್ನೆ ನಾಲ್ಕೂ ಶಾಕ್ ಒರೆಸಿ ನೋಡಿದೆ, ಎಲ್ಲೂ ಎಣ್ಣೆ ಇಲ್ಲ.