ಕಂತು ಬಾಕಿ ಇರುವ ಕಾರನ್ನು ‘ಸರೆಂಡರ್’ ಮಾಡುವ ಸೇವೆ: ಹಾಸನದ ಲೆಕ್ಕದಲ್ಲಿ ಒಂದು ವಿಮರ್ಶೆ

ಅಂಕ: ಐದಕ್ಕೆ ಎರಡು

ವ್ಯಾಪಾರ ಕುಸಿದು ಮೂರ್ನಾಲ್ಕು ಕಡೆ ಸಾಲ ನಿಂತಾಗ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಕಲೆಕ್ಷನ್‌ಗೆ ಬರುವವರು ಮೊದಲು ಹೇಳುವ ಮಾತು, ‘ಗಾಡಿ ಸರೆಂಡರ್ ಮಾಡ್ಬಿಡಿ ಸಾರ್, ತಲೆನೋವು ಹೋಗುತ್ತೆ’. ಸರೆಂಡರ್ ಎಂದರೆ ಗಾಡಿಯನ್ನು ಸಾಲ ಕೊಟ್ಟ ಫೈನಾನ್ಸಿನವರಿಗೇ ಒಪ್ಪಿಸುವುದು. ಗಾಡಿ ಹೋಗುವುದು ನಿಜ. ಸಾಲ ಮಾತ್ರ ಹೋಗುವುದಿಲ್ಲ. ಯಾರ್ಡಿಗೆ ಸೇರಿದ ಕಾರು ಹರಾಜಾಗಿ, ಬಂದ ಹಣ ಸಾಲಕ್ಕೆ ಜಮೆಯಾಗಿ, ಉಳಿದ ಬಾಕಿ ನಿಮ್ಮ ಹೆಸರಲ್ಲೇ ಇರುತ್ತದೆ. ಜಾಮೀನು ಹಾಕಿದವರ ಮೇಲೂ ಅಷ್ಟೇ ಹೊಣೆ.

ದಿವಾಳಿ ಅರ್ಜಿ ಹಾಕಿದರೆ ಕಾರು ಉಳಿಯುತ್ತದೆ ಎಂಬ ನಂಬಿಕೆಯೂ ಇದೆ. ಉಳಿಯುವುದಿಲ್ಲ. 2016ರ ದಿವಾಳಿ ಸಂಹಿತೆ ಸಾಮಾನ್ಯ ವ್ಯಕ್ತಿಗಳಿಗೆ ಇನ್ನೂ ಪೂರ್ತಿ ಜಾರಿಯಾಗಿಲ್ಲ. 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗಷ್ಟೇ ಅನ್ವಯ. ಆಲೂಗಡ್ಡೆ ವ್ಯಾಪಾರಿಯಾಗಲಿ, ಹೋಂಸ್ಟೇ ಮಾಲೀಕರಾಗಲಿ ಹೋಗಬೇಕಾದದ್ದು ಹಳೆಯ ದಿವಾಳಿ ಕಾನೂನಿನಡಿ ಸಿವಿಲ್ ಕೋರ್ಟಿಗೆ. ಆರ್‌ಸಿಯಲ್ಲಿ ಎಚ್‌ಪಿ (ಕಾರು ಸಾಲಕ್ಕೆ ಅಡವಿದೆ ಎಂಬ ಗುರುತು) ನಮೂದಾಗಿದೆ ಎಂದರೆ ಆ ಕಾರು ಫೈನಾನ್ಸಿನವರ ಭದ್ರತೆ. ಕೈಸಾಲ ಕೊಟ್ಟವರು, ಅಂಗಡಿಯವರು ತಮ್ಮ ಪಾಲಿಗೆ ಕಾಯುತ್ತಿದ್ದರೂ ಫೈನಾನ್ಸಿನವರು ಕಾರು ಮಾರಿಕೊಂಡು, ಕೊರತೆಯಾದ ಮೊತ್ತಕ್ಕೆ ಮಾತ್ರ ಮಿಕ್ಕವರ ಜೊತೆ ನಿಲ್ಲಬಹುದು. ಹಾಗಾಗಿ ಕಾರಿನ ತೀರ್ಮಾನ ಅರ್ಜಿಗಿಂತ ಮೊದಲೇ ಆಗಬೇಕು. ತೀರ್ಮಾನವೆಂದರೆ ಭಾವಮೈದುನನ ಹೆಸರಿಗೆ ದಾಟಿಸುವುದಲ್ಲ; ಅರ್ಜಿಗೆ ಮುಂಚೆ ಪುಕ್ಕಟೆಯಾಗಿ ನಂಟರಿಗೆ ಕೊಟ್ಟ ಆಸ್ತಿಯನ್ನು ಕೋರ್ಟು ಹಿಂದಕ್ಕೆ ಎಳೆಯಬಲ್ಲದು.

ಮೊದಲು ಬೇಕಾದ ಕಾಗದ ಫೋರ್‌ಕ್ಲೋಷರ್ ಲೆಟರ್, ಅಂದರೆ ಸಾಲವನ್ನು ಈಗಲೇ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕೆಂದು ಫೈನಾನ್ಸಿನವರು ಕೊಡುವ ಪತ್ರ. ಅದರಲ್ಲಿ ಉಳಿದ ಅಸಲು, ಬಾಕಿ ಕಂತು, ಬೌನ್ಸ್ ಶುಲ್ಕ, ದಂಡ, ಫೋರ್‌ಕ್ಲೋಷರ್ ಶುಲ್ಕ, ಒಂದು ದಿನ ತಡವಾದರೆ ಎಷ್ಟು ಬಡ್ಡಿ ಎಂಬುದು ಬೇರೆಬೇರೆ ಸಾಲಿನಲ್ಲಿ ಇರಲಿ. ದಂಡಕ್ಕೆ ಮತ್ತೆ ಬಡ್ಡಿ ಸೇರಿಸಿದ್ದರೆ ಅಲ್ಲೇ ಬೆರಳಿಡಿ. ರಿಸರ್ವ್ ಬ್ಯಾಂಕ್ ಅದನ್ನು ನಿಷೇಧಿಸಿದೆ. ಆಮೇಲೆ ಕನಿಷ್ಠ ಇಬ್ಬರು ಸೆಕೆಂಡ್ ಹ್ಯಾಂಡ್ ಡೀಲರ್‌ಗಳಿಂದ, ಒಂದು ಆನ್‌ಲೈನ್ ಕಂಪನಿಯಿಂದ ಬೆಲೆ ಕೇಳಿ.

ಉದಾಹರಣೆಗೆ ಬಾಕಿ 4,80,000 ರೂಪಾಯಿ, ನೀವೇ ಮಾರಿದರೆ ಬರುವುದು 4,20,000 ಎಂದುಕೊಳ್ಳಿ. ಕೊರತೆ 60,000. ಅದೇ ಕಾರು ಸರೆಂಡರ್ ಆಗಿ ಹರಾಜಿನಲ್ಲಿ 3,40,000ಕ್ಕೆ ಹೋಗಿ, ದಂಡ, ಎಳೆದೊಯ್ದ ಖರ್ಚು, ಯಾರ್ಡ್ ಬಾಡಿಗೆ ಎಂದು 30,000 ಸೇರಿದರೆ ಕೊರತೆ 1,70,000. ಹರಾಜಿಗೆ ಬರುವವರು ಇಂಜಿನ್ ಓಡಿಸಿ ನೋಡದೆ, ಸಾಲಾಗಿ ನಿಂತ ಗಾಡಿಗೆ ಬೆಲೆ ಕಟ್ಟುವವರು. ಯಾರ್ಡಿನ ಮಳೆಬಿಸಿಲಿನಲ್ಲಿ ಎರಡು ತಿಂಗಳು ನಿಂತರೆ ಬ್ಯಾಟರಿ ಸಾಯುತ್ತದೆ, ಟಯರ್ ಕೂರುತ್ತದೆ, ಬೆಲೆ ಇನ್ನೂ ಇಳಿಯುತ್ತದೆ. ಸರೆಂಡರ್‌ಗೆ ಎರಡೇ ಅಂಕ ಕೊಟ್ಟದ್ದು ಇದಕ್ಕೇ.

ಸ್ವಂತ ಮಾರಾಟದಲ್ಲಿ ಕೊಳ್ಳುವವರ ಹಣ ನಿಮ್ಮ ಖಾತೆಗೆ ಬರದೆ ನೇರ ಲೋನ್ ಖಾತೆಗೆ ಹೋಗಲಿ, ಕೊರತೆಯನ್ನು ಅದೇ ದಿನ ನೀವು ತುಂಬಿ. ನಂತರ ಎನ್‌ಒಸಿ (ಸಾಲ ಕೊಟ್ಟವರ ಆಕ್ಷೇಪಣೆ ಇಲ್ಲವೆಂಬ ಪತ್ರ), ಎಚ್‌ಪಿ ತೆಗೆಸಲು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30. ಸಾಲ ತೀರಿ 30 ದಿನದೊಳಗೆ ದಾಖಲೆ ಕೊಟ್ಟು ಎಚ್‌ಪಿ ತೆಗೆಸದಿದ್ದರೆ, ತಪ್ಪು ಸಾಲ ಕೊಟ್ಟವರದಾದರೆ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಈ ನಿಯಮ ತಿಳಿದವರು ಕೌಂಟರ್‌ನಲ್ಲಿ ಕಡಿಮೆ, ಕೌಂಟರಿನ ಆಚೆಯೂ ಕಡಿಮೆ.

‘ಕಂತು ನೀವೇ ಕಟ್ಕೊಳ್ಳಿ’ ಎಂದು ಛಾಪಾ ಕಾಗದದಲ್ಲಿ ಬರೆಸಿ ಕಾರು ಕೊಡುವ ಪದ್ಧತಿಗೆ ಸೊನ್ನೆ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರು ತೆಗೆದುಕೊಂಡವರು ಶಿರಾಡಿ ಘಾಟಿಯಲ್ಲಿ ಯಾರಿಗಾದರೂ ಗುದ್ದಿದರೆ ಪರಿಹಾರದ ಕೇಸು ನಿಮ್ಮ ಬಾಗಿಲಿಗೆ.

ಮುಂಗಡ ಶುಲ್ಕ ಪಡೆದು ‘ಕಂತು ನಿಲ್ಲಿಸಿ, ಅರ್ಧಕ್ಕೆ ಸೆಟಲ್ ಮಾಡಿಸ್ತೀವಿ’ ಎನ್ನುವ ಏಜೆನ್ಸಿಗಳಿಗೆ ಒಂದು. ಕ್ರೆಡಿಟ್ ಕಾರ್ಡಿಗೆ ನಡೆಯುವ ಆಟ ಕಾರಿನ ಸಾಲಕ್ಕೆ ನಡೆಯದು, ಏಕೆಂದರೆ ಫೈನಾನ್ಸಿನವರಿಗೆ ಎಳೆದೊಯ್ಯಲು ಗಾಡಿ ಇದೆ. ಕಂತು ನಿಲ್ಲಿಸಿದ ಮೇಲೆ ಬೌನ್ಸ್ ಆಗುವ ಚೆಕ್ ಮತ್ತು ಆಟೋ ಡೆಬಿಟ್ ಎರಡಕ್ಕೂ ಕ್ರಿಮಿನಲ್ ಕೇಸು ಹಾಕಲು ಅವಕಾಶವಿದೆ ಎಂಬುದನ್ನು ಆ ಏಜೆಂಟರು ಹೇಳುವುದೇ ಇಲ್ಲ.

ಇದಕ್ಕಿಂತ ಎಷ್ಟೋ ವಾಸಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಕೇಸು ದಾಖಲಾಗುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಅರ್ಜಿ ಕೊಡಬಹುದು, ಕೋರ್ಟ್ ಶುಲ್ಕವಿಲ್ಲ, ಸಹಾಯವಾಣಿ 15100. ಒಂದೇ ಎಚ್ಚರ: ರಾಜಿಯ ಮೇಲೆ ಮೇಲ್ಮನವಿ ಇಲ್ಲ, ಅದು ಕೋರ್ಟಿನ ಡಿಕ್ರಿಗೆ (ತೀರ್ಪಿಗೆ) ಸಮ. ಕಾಫಿ ಕೊಯ್ಲಿನ ದುಡ್ಡು ಜನವರಿ–ಫೆಬ್ರುವರಿಯಲ್ಲಿ ಬರುವುದಾದರೆ ಜುಲೈ ಕಂತಿಗೆ ಒಪ್ಪಿ ಸಹಿ ಹಾಕಬೇಡಿ.

ಹಳದಿ ಬೋರ್ಡಿನ ಕಾರಿನಿಂದಲೇ ಹೊಟ್ಟೆ ಹೊರೆಯುವವರು ಮಾರಾಟಕ್ಕಿಂತ ಮೊದಲು ಅವಧಿ ವಿಸ್ತರಣೆ ಕೇಳಬೇಕು, ಅದೂ ಬಾಕಿ 90 ದಿನ ದಾಟುವ ಮುಂಚೆ. ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ. ಮ್ಯಾನೇಜರ್ ಒಳ್ಳೆಯವರಾದರೂ ಕೈ ಕಟ್ಟಿರುತ್ತದೆ.

ಸರೆಂಡರ್ ಮಾಡಲೇಬೇಕಾದ ಪ್ರಸಂಗ ಒಂದಿದೆ: ಕೊಳ್ಳುವವರಿಲ್ಲ, ಕೊರತೆ ತುಂಬಲು ಕೈಯಲ್ಲಿ ಹಣವೂ ಇಲ್ಲ, ದಿವಾಳಿ ಅರ್ಜಿ ಖಚಿತ. ಆಗಲೂ ಫೋನಿನಲ್ಲಿ ಒಪ್ಪಬೇಡಿ. ಬ್ರಾಂಚಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿ. ಆಟೋ ಡೆಬಿಟ್ ನಿಲ್ಲಿಸುವಂತೆ, ಹರಾಜಿನ ಮುಂಚೆ ನೋಟಿಸ್ ಕೊಡುವಂತೆ ಅದರಲ್ಲೇ ಕೇಳಿ. ಗಾಡಿ ಒಪ್ಪಿಸುವಾಗ ಕಿಲೋಮೀಟರ್, ನಾಲ್ಕು ಟಯರ್, ಸ್ಟೆಪ್ನಿ, ಜಾಕ್, ಎರಡೂ ಕೀ ಪಟ್ಟಿ ಮಾಡಿ ಅವರ ಸಹಿ ತೆಗೆದುಕೊಳ್ಳಿ, ಫೋಟೋ ಇರಲಿ. ಪಟ್ಟಿಯಿಲ್ಲದೆ ಹೋದ ಕಾರು ಯಾರ್ಡಿನಲ್ಲಿ ಸ್ಟೆಪ್ನಿ ಕಳೆದುಕೊಳ್ಳುವುದು ಮಾಮೂಲು. ಫಾಸ್ಟ್ಯಾಗ್ ಅಂದೇ ಮುಚ್ಚಿಸಿ, ಇಲ್ಲವಾದರೆ ಕಾರು ಶಾಂತಿಗ್ರಾಮ ಟೋಲ್ ದಾಟಿದಾಗ ದುಡ್ಡು ನಿಮ್ಮದು ಹೋಗುತ್ತದೆ. ಖಾಲಿ ಫಾರಂಗೆ ಸಹಿ ಕೇಳಿದರೆ ಬೇಡ ಎನ್ನಿ. ವಸೂಲಿಯವರ ಫೋನು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬರುವಂತಿಲ್ಲ. ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ಪುಕ್ಕಟೆಯಾಗಿ ದೂರು ಕೊಡಬಹುದು, ಮಾಹಿತಿಗೆ 14448.

ಹರಾಜಿನ ಬಳಿಕ ಮಾರಿದ ಬೆಲೆ, ಕಡಿತಗೊಳಿಸಿದ ಖರ್ಚು, ಉಳಿದ ಬಾಕಿ ತೋರಿಸುವ ಲೆಕ್ಕಪಟ್ಟಿ ಬರೆದು ಕೇಳಿ. ಹೆಚ್ಚು ಬಂದಿದ್ದರೆ ಆ ಹಣ ನಿಮ್ಮದು. ಕೊರತೆಯಿದ್ದರೆ ಅದೇ ಮೊತ್ತವನ್ನು ದಿವಾಳಿ ಅರ್ಜಿಯ ಸಾಲದ ಪಟ್ಟಿಯಲ್ಲಿ ಫೈನಾನ್ಸಿನವರ ಹೆಸರಿನೊಂದಿಗೆ ನಮೂದಿಸಿ, ಲೆಕ್ಕಪಟ್ಟಿಯ ನಕಲನ್ನು ವಕೀಲರ ಕೈಗೆ ಕೊಡಿ.