ಕ್ಯಾಮೆರಾ ಸ್ಪ್ರೇಯರ್, ಮೂರು ಬೆಳೆ ಆದ ಮೇಲೆ: ಕೋಸಿಗೆ ಸರಿ, ರಾಗಿ ಹೊಲಕ್ಕೆ ಬೇಡ

ನಮ್ಮದು ಕೋಲಾರದ ವೇಮಗಲ್ ಹತ್ತಿರ ಎರಡೂವರೆ ಎಕರೆ ಕೆಂಪು ಮಣ್ಣು. ಒಂದೂವರೆ ಎಕರೆ ಕೋಸು, ಉಳಿದದ್ದು ರಾಗಿ. ಕ್ಯಾಮೆರಾದಲ್ಲಿ ಕಳೆ ಗುರುತಿಸಿ ಅದಕ್ಕೆ ಮಾತ್ರ ಕಳೆನಾಶಕ ಔಷಧಿ ಹೊಡೆಯುವ ಈ ಯಂತ್ರ ನನ್ನದಲ್ಲ. ಎಕರೆ ಲೆಕ್ಕದ ಬಾಡಿಗೆ, ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಕಳೆ ತೆಗೆಯಲು ಆಳು ಸಿಗಲಿಲ್ಲ, ಅದಕ್ಕೇ ಕರೆಸಿದೆ. ಬೆಳಗಾದರೆ ಕಂಪನಿ ಬಸ್ಸುಗಳು ಊರಿನವರನ್ನು ನರಸಾಪುರದ ಕಾರ್ಖಾನೆಗಳಿಗೆ ಕರೆದುಕೊಂಡು ಹೋಗುತ್ತವೆ.

ಕೋಸಿನ ಗಿಡದ ರಾಶಿ ರಾಶಿ ಫೋಟೋ ತೋರಿಸಿ ಯಂತ್ರಕ್ಕೆ ಮೊದಲೇ ಕಲಿಸಿರುತ್ತಾರೆ. ಕೋಸಲ್ಲದ ಹಸಿರು ಕ್ಯಾಮೆರಾಗೆ ಕಂಡರೆ, ಆ ಜಾಗದ ನಾಜಲ್ (ಔಷಧಿ ಸಿಡಿಯುವ ಮೂತಿ) ಮಾತ್ರ ಒಂದು ಕ್ಷಣ ತೆರೆದು ಮುಚ್ಚುತ್ತದೆ. ಬರಿ ಮಣ್ಣಿಗೆ ಔಷಧಿ ಬೀಳುವುದಿಲ್ಲ. ಮೊದಲೆಲ್ಲ ಬೆನ್ನಿಗೆ ಕ್ಯಾನ್ ಹಾಕಿಕೊಂಡು ಹೊಡೆಯುತ್ತಿದ್ದಾಗ ಹತ್ತು ಕ್ಯಾನ್ ಹಿಡಿಯುತ್ತಿತ್ತು. ಈಗ ಮೂರು ಕ್ಯಾನಿನಷ್ಟು ಸಾಕು. ನನಗೆ ದುಡ್ಡಿಗಿಂತ ಇದೇ ದೊಡ್ಡ ಸಮಾಧಾನ. ಆ ವಾಸನೆ ಕುಡಿದು ಎಷ್ಟು ವರ್ಷ ತಲೆನೋವು ಅನುಭವಿಸಿದ್ದೇನೆ.

ನಾಟಿ ಮಾಡಿ ಹದಿನೈದರಿಂದ ಇಪ್ಪತ್ತೈದು ದಿನದ ಒಳಗೆ ಕರೆಸಿ. ಆಮೇಲೆ ಎಲೆ ಹರಡಿ ಕಳೆ ಅಡಿಗೆ ಸೇರುತ್ತದೆ, ಕ್ಯಾಮೆರಾಗೆ ಕಾಣುವುದಿಲ್ಲ. ಸಾಲು ನೇರ ಇರಲಿ, ಹಗ್ಗ ಕಟ್ಟಿಯೇ ನಾಟಿ ಮಾಡಿಸಿ. ಜೋರು ಮಳೆ ಬಂದ ಮಾರನೇ ದಿನ ಬೇಡ. ಎಲೆಗೆ ಕೆಸರು ಸಿಡಿದಿದ್ದರೆ ಕೋಸನ್ನೂ ಗುರುತು ಹಿಡಿಯಲ್ಲ. ಗಾಳಿ ಇನ್ನೂ ಕಷ್ಟ. ಎರಡನೇ ಬೆಳೆಯಲ್ಲಿ ಆಷಾಢದ ಗಾಳಿಯಲ್ಲಿ ಮಧ್ಯಾಹ್ನ ಹೊಡೆಸಿದೆ. ಹನಿ ಹಾರಿ ನಲವತ್ತು ಗಿಡದ ಎಲೆ ಸುಟ್ಟವು. ಡ್ರೈವರ್ ಬೇಡ ಅನ್ನಬಹುದಿತ್ತು, ಹೇಳಲಿಲ್ಲ. ಈಗ ಬೆಳಿಗ್ಗೆ ಎಂಟರೊಳಗೇ ಮುಗಿಸುತ್ತೇವೆ.

ಜೇಕು ಅನ್ನುವ ಗಡ್ಡೆ ಕಳೆಗೆ ಇದು ಪರಿಹಾರ ಅಲ್ಲ. ಮೇಲಿನ ಹುಲ್ಲು ಒಣಗುತ್ತದೆ, ಮಣ್ಣೊಳಗಿನ ಗಡ್ಡೆಯಿಂದ ಮತ್ತೆ ಚಿಗುರು ಬರುತ್ತದೆ.

ಯಂತ್ರದವರು ರಾಗಿಗೂ ಹೊಡೆಸೋಣ ಅಂದರು, ನಾನು ಒಪ್ಪಲಿಲ್ಲ. ನಮ್ಮದು ಅಕ್ಕಡಿ ಸಾಲು. ರಾಗಿ ನಡುವೆ ಅವರೆ, ತೊಗರಿ ಇರುತ್ತದೆ. ರಾಗಿ ಒಂದನ್ನೇ ಕಲಿತ ಯಂತ್ರಕ್ಕೆ ಅವರೆಯೂ ಕಳೆಯೇ ಅಲ್ವಾ? ಕಾಡುರಾಗಿಯಂತೂ ಎಳೆಯದರಲ್ಲಿ ರಾಗಿಯ ಹಾಗೇ ಇರುತ್ತದೆ, ಹಳಬರೇ ಬಗ್ಗಿ ನೋಡಬೇಕು. ಯಂತ್ರಕ್ಕೋಸ್ಕರ ಅಕ್ಕಡಿ ಬಿಟ್ಟು ಬರಿ ರಾಗಿ ಹಾಕುವ ಮನಸ್ಸು ನನಗಿಲ್ಲ. ಅಲ್ಲಿ ಕುಂಟೆಯೇ ಸರಿ.

ಇನ್ನೊಂದು ಮಾತು. ಯಂತ್ರ ಕಳೆ ಅನ್ನುವುದರಲ್ಲಿ ಅರ್ಧ ನಮ್ಮ ಊಟ. ಅಣ್ಣೆ, ಗೋಣಿ, ಕೀರೆ ಎಲ್ಲ ಕಿತ್ತು ತಂದೇ ನಮ್ಮ ಮನೆಯಲ್ಲಿ ಬೆರಕೆ ಸೊಪ್ಪಿನ ಸಾರು ಮಾಡುವುದು. ಮೊದಲ ಸಲ ಹೊಡೆಸಿದ ಮಾರನೇ ದಿನ ಅಮ್ಮ ಮಡಿಲು ತುಂಬ ಸೊಪ್ಪು ಕಿತ್ತು ತಂದಿದ್ದರು. ನೋಡಿ ಎದೆ ಧಸಕ್ ಅಂತು. ಎಲೆ ಇನ್ನೂ ಹಸಿರಾಗೇ ಇತ್ತು, ಔಷಧಿ ಬಿದ್ದದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಪೂರ್ತಿ ಗುಂಡಿಗೆ ಹಾಕಿ ಮುಚ್ಚಿದೆ. ಹೊಡೆಸುವ ಮೊದಲು ಮನೆಯವರಿಗೂ, ಮೇವು ಕೊಯ್ಯಲು ಬರುವ ಅಕ್ಕಪಕ್ಕದವರಿಗೂ ತಪ್ಪದೆ ಹೇಳಿ.

ಮುಂದಿನ ಕೋಸಿಗೂ ಯಂತ್ರ ಕರೆಸುತ್ತೇನೆ. ಬದುವಿನ ಪಕ್ಕದ ನಾಲ್ಕು ಸಾಲು ಮಾತ್ರ ಹೊಡೆಸದೆ ಬಿಡುತ್ತೇನೆ. ಅದು ಅಮ್ಮನ ಸೊಪ್ಪಿಗೆ.